ಸಣ್ಣಬೀರಪ್ಪನ ರಿವಾಲ್ವರಿನ ವಯಸ್ಸು

ನನ್ನ ಗಂಡ ಕೆಂಚಪ್ಪನವರದು ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಕೋವಿ ರಿಪೇರಿ ಅಂಗಡಿ. ಕಟ್ಟಿಕೊಂಡವಳ ವಯಸ್ಸೆಷ್ಟು ಅಂದರೆ ತಲೆ ಕೆರೆದುಕೊಳ್ಳುವ ಮಹಾನುಭಾವರು. ಹಳೇ ಕೋವಿ ಕೈಗೆ ಸಿಕ್ಕರೆ ಮಾತ್ರ ಅದರ ಜಾತಕವನ್ನೇ ಬಿಚ್ಚುತ್ತಾರೆ! ಹಳೇ ಆಯುಧ ಕೂಡಿಡುವ ಶೋಕಿಯವರು ದೂರದಿಂದ ಇವರನ್ನು ಹುಡುಕಿಕೊಂಡು ಬರುತ್ತಾರೆ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಯಗಟಿಯ ಹುಲಿಗೆಮ್ಮ ತನ್ನ ಮಗ ಅಜ್ಜಯ್ಯನನ್ನು ಎಳೆದುಕೊಂಡು ಬಂದಳು. ಕೈಯಲ್ಲಿ ಲೈಸೆನ್ಸು, ಬಟ್ಟೆಯಲ್ಲಿ ಸುತ್ತಿದ ಮಾವನ ಕಾಲದ ರಿವಾಲ್ವರು. ಅಜ್ಜಯ್ಯನ ಗಂಡುಮಗುವಿಗೆ ಹೆಸರಿಡಬೇಕಿತ್ತು. ಮಾವ ಸಣ್ಣಬೀರಪ್ಪನ ಹೆಸರೇ ಆಗಬೇಕೆಂದು ಅವಳ ಹಠ.

"ಕಳ್ಳನ ಹೆಸರು ನನ್ನ ಮಗೀಗ್ಯಾಕವ್ವ? ಎಸ್ಟೇಟಿನ ದೊರೆ ಸತ್ತ ದಿನ ತಾತ ಇದನ್ನ ಹೊಡ್ಕಂಡು ಬಂದ ಅಂತ ಊರೇ ಆಡ್ಕಂತೈತೆ," ಎಂದ ಅಜ್ಜಯ್ಯ. "ಆ ದೊರೆ ಗೋರಿ ಮೇಲೆ ಸಾವಿರದೆಂಟ್ನೂರ ಎಂಬತ್ತೈದು ಅಂತ ಕೆತ್ತವ್ರೆ, ನಾನೇ ನೋಡೀನಿ."

"ಆಮೇಲೆ ಬಂದ ದೊರೆ ಇನಾಮು ಕೊಟ್ಟಿದ್ದು ಕಣೋ! ಅವರು ಗುರಿ ಹೊಡೆಯೋಕೆ ಮಾವ ಹಲಗೆ ನಿಲ್ಲಿಸ್ತಿದ್ರು."

ಇವರು ರಿವಾಲ್ವರನ್ನು ಬೆಳಕಿಗೆ ಹಿಡಿದರು. "ಗುರಿ ನೋಡೋ ಕಂಡಿಗೆ ಸ್ಕ್ರೂ ಐತೆ, ತಿರುಗಿಸಿ ಸರಿಮಾಡ್ಕೋಬಹುದು. ಹಲಗೆಗೆ ಹೊಡೆಯೋ ರಿವಾಲ್ವರ್ರೇ ಇದು. ಇಸವಿ ನಳಿಗೆ ಮೇಲಿರುತ್ತೆ. ಒರೆಸ್ಲಾ?"

ನಳಿಗೆಯ ಮೇಲೆ ವರ್ಷವರ್ಷದ ಆಯುಧಪೂಜೆಯ ಅರಿಶಿನ ಕುಂಕುಮ ಹಕ್ಕಳೆಗಟ್ಟಿತ್ತು. ಹುಲಿಗೆಮ್ಮ ಹೌಹಾರಿದಳು. ಪೂಜೆ ಮಾಡಿದ್ದನ್ನು ಅಳಿಸುವುದುಂಟೇ?

"ಒಳಗೇನೈತೋ ಅಂತ ನಿಂಗೂ ಹೆದ್ರಿಕೆ," ಎಂದ ಮಗ.

ಮುದುಕಿಗೆ ಉರಿದುಹೋಯಿತು. ಸೆರಗನ್ನು ಕೊಬ್ಬರಿ ಎಣ್ಣೆಗೆ ಅದ್ದಿ ತಾನೇ ತಿಕ್ಕತೊಡಗಿದಳು. ಅಯ್ಯೋ, ಹಳೇ ಇಸವಿ ಬಂದರೇನು ಗತಿ ಎಂದು ನಾನೂ ಬಗ್ಗಿ ನೋಡಿದೆ.

ಇವರು ಭೂತಗನ್ನಡಿ ಹಿಡಿದು ಓದಿದರು. "ಪೇಟೆಂಟಿನ ಇಸವಿಗಳು, ಈ ನಮೂನೆಗೆ ಹಕ್ಕು ಬರೆಸ್ಕೊಂಡ ವರ್ಷಗಳು. ಕೊನೇದು ಸಾವಿರದೆಂಟ್ನೂರ ಎಂಬತ್ತೊಂಬತ್ತು."

"ಆ ವರ್ಷ ಮಾಡಿದ್ದಾ?" ಎಂದ ಅಜ್ಜಯ್ಯ.

"ಎಲ್ರೂ ಎಡವೋದು ಅಲ್ಲೇ. ಮಾಡಿದ್ದು ಯಾವಾಗ್ಲೋ. ಆದ್ರೆ ಆ ವರ್ಷಕ್ಕಿಂತ ಮುಂಚೆಯಂತೂ ಅಲ್ಲ. ನಿಮ್ಮ ದೊರೆ ಸತ್ತಾಗ ಇದು ಹುಟ್ಟೇ ಇರ್ಲಿಲ್ಲ ಕಣಪ್ಪಾ!"

ಅಜ್ಜಯ್ಯ ಬೆರಳು ಮಡಿಚಿ ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ. ಹುಲಿಗೆಮ್ಮ ಗೊಳೋ ಎಂದು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಅವರನ್ನು ಕಡೂರು ಬಸ್ಸು ಹತ್ತಿಸಲು ನಾನೇ ಹೋದೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ, ಅಷ್ಟೇ.

"ಯಗಟಿಗೆ. ಸಣ್ಣಬೀರಪ್ಪನ ಮೊಮ್ಮಗ ಕಣ್ರೀ ನಾನು," ಎಂದ ಅಜ್ಜಯ್ಯ, ಬಸ್ಸಿಗೆಲ್ಲ ಕೇಳುವಂತೆ. "ನನ್ನ ಮಗನೂ ಸಣ್ಣಬೀರಪ್ಪನೇ!"