ರೇಸ್ ಕಾರಿನ ಗೂಡು ಮತ್ತು ಒಂದು ‘ನೀವು’

ಕಾಶಿಗೆ ಬಂದವರು ಗಂಗೆಗೆ ಪಾಪ ಕೊಡುತ್ತಾರೆ, ದೇವರಿಗೆ ಬಿಲ್ವಪತ್ರೆ ಕೊಡುತ್ತಾರೆ, ಪಂಡನಿಗೆ ದಕ್ಷಿಣೆ ಕೊಡುತ್ತಾರೆ. ತುಂಗಾಬಾಯಿಗೆ ಚಪ್ಪಲಿ ಕೊಡುತ್ತಾರೆ. ಕೊಡುತ್ತಾರೆ ಅನ್ನುವುದೂ ಹೆಚ್ಚಾಯಿತು. ಕಳಚಿ, ಕಾಲಿನಿಂದಲೇ ಅವರ ಕಡೆಗೆ ತಳ್ಳಿ ಒಳಗೆ ನಡೆಯುತ್ತಾರೆ. ಬಂಗಾಲಿ ಟೋಲಾದ ಗಲ್ಲಿಯಲ್ಲಿ ಕರ್ನಾಟಕದ ಯಾತ್ರಿಕರು ಇಳಿದುಕೊಳ್ಳುವ ತಾರಾದೇವಿಯವರ ಲಾಡ್ಜಿನ ಬಾಗಿಲ ಬದಿಗೆ ಕೂತ ತುಂಗಾಬಾಯಿ ಆ ಜೋಡನ್ನು ಎತ್ತಿ, ತಳಕ್ಕೆ ತಳ ತಟ್ಟಿ ಮಣ್ಣು ಉದುರಿಸಿ, ಗೂಡಿನಲ್ಲಿಟ್ಟು, ನಂಬರಿನ ಬಿಲ್ಲೆ ಚಾಚುತ್ತಿದ್ದರು. ತೆಗೆದುಕೊಳ್ಳುವವರು ಬೆರಳು ತಾಗದ ಹಾಗೆ ತೆಗೆದುಕೊಳ್ಳುತ್ತಿದ್ದರು. ಆಗಷ್ಟೇ ಗಂಗೆಯಲ್ಲಿ ಮುಳುಗಿ ಎದ್ದ ಬೆರಳುಗಳು ಅವು. ಅಷ್ಟು ನೀರಿಗೂ ಆ ಕೊಳೆ ಹೋಗಿರಲಿಲ್ಲ.

ತುಂಗಾಬಾಯಿ ಗದಗಿನ ಕಡೆಯವರು. ಗಂಡ ಹಳೇ ಲಾರಿ ಟೈರು ಕೊಯ್ದು ಚಪ್ಪಲಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಊರಿನ ಅಂಗಡಿಕಾರರ ಮನೆತನವೊಂದು ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಹಟ ಹಿಡಿದ ತಮ್ಮ ಮುದುಕಿಯ ಸೇವೆಗೆ ಇವರನ್ನು ರೈಲು ಹತ್ತಿಸಿತು. ಮುದುಕಿಯ ಮಲಮೂತ್ರ ಬಳಿಯಲು ಇವರ ಜಾತಿ ಯಾರಿಗೂ ಅಡ್ಡ ಬರಲಿಲ್ಲ, ನೀರಿನ ಕೊಡ ಮುಟ್ಟಲು ಬಂತು. ಮುದುಕಿ ಹೋದರು. ಮಕ್ಕಳು ಬಂದು ಅಸ್ಥಿಯನ್ನು ಹೊಳೆಗೆ ಬಿಟ್ಟರು, ಟ್ರಂಕನ್ನು ಬಿಡಲಿಲ್ಲ. “ನಿನ್ನ ಪುಣ್ಯ ದೊಡ್ಡದು ತುಂಗೀ, ಇಲ್ಲೇ ಇದ್ದುಬಿಡು” ಎಂದು ಹೇಳಿ ಹೊರಟರು. ಒಂದು ರೈಲು ಟಿಕೆಟ್ಟು ಉಳಿಸುವುದಕ್ಕೆ ಪುಣ್ಯದಷ್ಟು ಅಗ್ಗದ ಮಾತು ಇನ್ನೊಂದಿಲ್ಲ.

ಕೇದಾರ ಘಾಟಿನ ಮೆಟ್ಟಿಲ ಮೇಲೆ ಗಂಟು ತಬ್ಬಿ ಕೂತಿದ್ದವರನ್ನು ತಾರಾದೇವಿ ಕಂಡು, “ಊಟ ಆತೇನವಾ?” ಎಂದು ಕೇಳಿ, ಲಾಡ್ಜಿಗೆ ಕರೆತಂದರು. ಆ ಒಂದು ಪ್ರಶ್ನೆಯ ಋಣದಲ್ಲೇ ತುಂಗಾಬಾಯಿ ಇಷ್ಟು ವರ್ಷ ಬದುಕಿದ್ದು. ಬಿಟ್ಟುಹೋದ ಮನೆತನಕ್ಕೂ ಅವರು ಕೈಮುಗಿಯುತ್ತಾರೆ. ಅವರು ಬಿಟ್ಟರೆಂದೇ ತಾರಾದೇವಿ ಸಿಕ್ಕರಂತೆ. ಸಿಟ್ಟಿಗೇಳುವ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟಿದ್ದಾರೆ. ಯಾರಾದರೂ ಮಾಡಲೇಬೇಕಲ್ಲ.

ಕಾಶಿಯಲ್ಲಿ ಕಳೆದುಹೋಗುವ ವಸ್ತುಗಳಲ್ಲಿ ಚಪ್ಪಲಿಯೇ ಮೊದಲನೆಯದು. ಯಾತ್ರಿಕರ ಬೈಗುಳ ತಾರಾದೇವಿಯ ತಲೆಗೆ ಬರುತ್ತಿತ್ತು. ತುಂಗಾಬಾಯಿಯ ಗಂಟಿನಲ್ಲಿ ಗಂಡನ ರಂಪಿಗೆ ಇತ್ತು, ಚರ್ಮವನ್ನೂ ಟೈರನ್ನೂ ಕೊಯ್ಯುವ ಅಗಲ ಬಾಯಿಯ ಕತ್ತಿ. ಅದನ್ನೂ ಲಾಡ್ಜಿನ ಸುತ್ತಿಗೆಯನ್ನೂ ಹಿಡಿದು, ಮಾವಿನ ಹಲಗೆ ತರಿಸಿ, ಅವರು ಬಾಗಿಲ ಬದಿಗೆ ಚಪ್ಪಲಿ ಗೂಡು ಕಟ್ಟಿದರು. ಹಲಗೆಗಳನ್ನು ಮುಂದಕ್ಕೆ ತುಸು ಓರೆಯಾಗಿ ಕೂರಿಸಿದರು, ತಮ್ಮ ಜೋಡು ಎಲ್ಲಿದೆಯೆಂದು ನಿಂತಲ್ಲಿಂದಲೇ ಕಾಣಲಿ ಎಂದು. ಒಂದೊಂದು ಹಲಗೆಯ ಅಡಿಗೂ, ನೆಲದಲ್ಲಿ ಕೂತ ತಮಗೆ ಕಾಣುವಂತೆ, ಕೆಂಪು ಬಣ್ಣದಲ್ಲಿ ಕನ್ನಡ ಅಂಕಿ ಬರೆದರು. ಆಮೇಲೆ ಆ ಬಾಗಿಲಲ್ಲಿ ಒಂದು ಜೋಡೂ ಕಳೆಯಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಮಳೆಗಾಲ ಮುಗಿಯುತ್ತ ಬಂದಿತ್ತು. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುವ ಮೈಸೂರಿನ ಕೌಸಲ್ಯಾ, ಊರಿಂದ ಬಂದ ನೆಂಟರನ್ನು ನೋಡಲು ಲಾಡ್ಜಿಗೆ ಬಂದರು. ಹೊರಡುವಾಗ ಚಪ್ಪಲಿ ಗೂಡಿನ ಮುಂದೆ ನಿಂತೇಬಿಟ್ಟರು. ಹಲಗೆಯ ಕೂಡುಗಳನ್ನು ಸವರಿ ನೋಡಿ ಹೇಳಿದರು, “ತುಂಗಮ್ಮ, ನಮ್ಮ ರೇಸ್ ಕಾರುಗಳಿಗೂ ಹೀಗೇ ಒಂದು ಗೂಡು ಮಾಡಿಕೊಡ್ತೀರಾ?”

ತುಂಗಾಬಾಯಿ ತಲೆ ಎತ್ತಿದರು. “ಕಾರಿಗೆ ಗೂಡೇನ್ರೀ ಅಕ್ಕಾರ? ಮ್ಯಾಲೊಂದು ಚಪ್ಪರ ಬೇಕಂದ್ರ ಹಾಕ್ತೇನಿ. ಕಾರು ಎತ್ತಿ ಗೂಡಿನಾಗ ಇಡಾಕ ನಂಗ ರಟ್ಟಿ ಇಲ್ಲ.”

ಕೌಸಲ್ಯಾ ನಗುತ್ತ ಚೀಲಕ್ಕೆ ಕೈಹಾಕಿ ಅಂಗೈಯಷ್ಟು ಉದ್ದದ ಮರದ ಕಾರನ್ನು ತೆಗೆದಿಟ್ಟರು. ಮೊಳೆಯ ಅಚ್ಚು, ಬನಾರಸಿನ ಆಟಿಕೆ ಮಾಡುವವರು ಕಡೆದುಕೊಟ್ಟ ಚಕ್ರ. ಅವರ ಗಂಡ ರಘುನಾಥ ಭೌತಶಾಸ್ತ್ರದವರು. ಕ್ಯಾಂಪಸ್ಸಿನ ಕನ್ನಡ ಮನೆಗಳ ಮಕ್ಕಳನ್ನೆಲ್ಲ ಸೇರಿಸಿ ಆಯುಧಪೂಜೆಯ ದಿನ ರೇಸ್ ಇಡುತ್ತಿದ್ದರು. ಯಂತ್ರವಿಲ್ಲ, ಯಾರೂ ತಳ್ಳುವಂತಿಲ್ಲ. ಪ್ಲೈವುಡ್ಡಿನ ಇಳಿಜಾರಿನ ತುದಿಯಿಂದ ಬಿಟ್ಟರೆ ಯಾವ ಕಾರು ಮೊದಲು ಕೆಳಗೆ ಮುಟ್ಟುತ್ತದೋ ಅದು ಗೆದ್ದಂತೆ. ಹಬ್ಬ ಮುಗಿದ ಮೇಲೆ ಕಾರುಗಳು ಸಕ್ಕರೆ ಚೀಲ ಸೇರಿ ಮಂಚದಡಿಗೆ ಹೋಗುತ್ತಿದ್ದವು. ಮರುವರ್ಷ ತೆಗೆದರೆ ಅಚ್ಚು ಬಾಗಿ, ಚಕ್ರ ಬಿಚ್ಚಿ, ಮಕ್ಕಳ ಅಳು. ಅದಕ್ಕೇ ಗೂಡು ಬೇಕಿತ್ತು. ಹಬ್ಬದ ದಿನ ಮೈಸೂರಿನವರ ದಸರಾ ಗೊಂಬೆಯ ಮೆಟ್ಟಿಲಿನಂತೆ ಹರವಿಕೊಳ್ಳಬೇಕು, ಹಬ್ಬವಾದ ಮೇಲೆ ಗೋಡೆಗೆ ಒರಗಿದರೆ ಕಾರುಗಳು ಅದರಲ್ಲೇ ಇರಬೇಕು.

ತುಂಗಾಬಾಯಿ ಒಪ್ಪಿಕೊಂಡರು. ಕಾರಿನ ವಿಷಯ ಅವರ ಕಿವಿಗೆ ಅರ್ಧ ಹೊಕ್ಕಿತ್ತು, ಅರ್ಧ ಇಲ್ಲ. ಪೂರ್ತಿ ಹೊಕ್ಕದ್ದು ‘ಮಾಡಿಕೊಡ್ತೀರಾ’ ಎಂಬುದರ ಕೊನೆಯ ಅಕ್ಷರ. ಊರಲ್ಲಿ ಅವರು ‘ತುಂಗೀ’, ಗಲ್ಲಿಯಲ್ಲಿ ‘ಏ ಮಾಯೀ’, ತಾರಾದೇವಿಗೂ ಪ್ರೀತಿಯ ‘ನೀ’. ಕಾಲೇಜಿನಲ್ಲಿ ಕಲಿಸುವ ಹೆಂಗಸೊಬ್ಬರು ಅವರನ್ನು ನೀವು ಎಂದಿದ್ದರು. ಅವತ್ತು ಸಂಜೆ ತಾರಾದೇವಿಗೆ ಹೇಳಿದರೆ, “ಹೌದೌದು, ಇನ್ನ ನಾನೂ ಹೇಳ್ತೀನಿ. ತುಂಗಾಬಾಯಾರ, ಜರಾ ಆ ಪಾತ್ರಿ ತಿಕ್ಕ್ರಿ” ಎಂದು ಅವರು ಕಾಲೆಳೆದರು. ತುಂಗಾಬಾಯಿ ನಕ್ಕರೂ, ಆ ಅಕ್ಷರವನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡವರಂತೆ ಓಡಾಡಿದರು.

ಮೊದಲು ಮಾಡಿದ್ದು ಹಾಳಾಯಿತು. ಕೈಗೆ ಒಗ್ಗಿದ ರೂಢಿಯಂತೆ ಹಲಗೆಯನ್ನು ಮುಂದಕ್ಕೆ ಓರೆ ಕೊಟ್ಟು ಕೂರಿಸಿ, ಅಳತೆಗೆಂದು ಬಿಟ್ಟುಹೋಗಿದ್ದ ಕಾರನ್ನು ಮೇಲಿಟ್ಟರು. ಚಪ್ಪಲಿ ಇಟ್ಟಲ್ಲಿ ಕೂರುತ್ತದೆ. ಇದು ಹುಟ್ಟಿದ್ದೇ ಇಳಿಜಾರಿಗೆ. ಕೈ ಬಿಟ್ಟದ್ದೇ ತಡ ಹಲಗೆಯಿಂದ ನೆಗೆದು, ಅಂಗಳ ದಾಟಿ, ಗಲ್ಲಿಯಲ್ಲಿ ಮಲಗಿದ್ದ ಎತ್ತಿನ ಮೂತಿಗೆ ಹೋಗಿ ನಿಂತಿತು. ತಾರಾದೇವಿ ಬಿದ್ದುಬಿದ್ದು ನಕ್ಕರು. ಹಲಗೆಯನ್ನು ಮಟ್ಟವಾಗಿ ಕೂರಿಸಬಹುದಿತ್ತು. ಆದರೆ ಕೆಳಗೆ ಕೂತ ಚಿಕ್ಕ ಮಕ್ಕಳಿಗೆ ಮೇಲಿನ ಕಾರು ಕಾಣಿಸುತ್ತಿರಲಿಲ್ಲ. ಓರೆ ಇರಲೇಬೇಕು ಎಂದು ತುಂಗಾಬಾಯಿ ಪಟ್ಟು ಹಿಡಿದು, ಒಂದೊಂದು ಕಾರಿನ ಹೊಟ್ಟೆಗೂ ಸಣ್ಣ ಕಟ್ಟಿಗೆಯ ದಿಂಬು ಕೆತ್ತಿದರು. ಚಕ್ರ ನಾಲ್ಕೂ ಗಾಳಿಯಲ್ಲಿ, ಕಾರು ಕಾವಿಗೆ ಕೂತ ಕೋಳಿಯ ಹಾಗೆ ದಿಂಬಿನ ಮೇಲೆ. ಜಾರದಿರಲೆಂದು, ಯಾರೋ ಬಿಟ್ಟುಹೋದ ಹವಾಯಿ ಚಪ್ಪಲಿಯ ನೀಲಿ ರಬ್ಬರನ್ನು ರಂಪಿಗೆಯಿಂದ ಕೊಯ್ದು ದಿಂಬಿನ ನೆತ್ತಿಗೆ ಅಂಟಿಸಿದರು.

ಇನ್ನು ಹಲಗೆ ಬೇಕಿತ್ತು. ನವರಾತ್ರಿ ಹತ್ತಿರ ಬಂದರೆ ಆ ಊರಲ್ಲಿ ಮರಕ್ಕೆ ಬರ. ಬಂಗಾಳಿಗಳ ದುರ್ಗಾ ಪೆಂಡಾಲು ಒಂದಷ್ಟು ನುಂಗುತ್ತದೆ, ಹೊಳೆಯಾಚೆಯ ರಾಮನಗರದ ರಾಮಲೀಲೆ ಇನ್ನಷ್ಟು. ಸೇತುವೆ ದಾಟಿ ರಾಮನಗರದಿಂದ ಬಂದ ಹಲಗೆ ಹಸಿ. ಎರಡೇ ದಿನಕ್ಕೆ ಹಪ್ಪಳದಂತೆ ಸೆಟೆದುಕೊಂಡಿತು. ಒಣಗಿ, ಕಾಲ ಕಂಡು, ಇನ್ನು ಬಾಗುವುದಿಲ್ಲ ಎಂದು ನಂಬಬಹುದಾದ ಹಲಗೆ ಒಂದೇ ಕಡೆ ಇತ್ತು. ತುಂಗಾಬಾಯಿ ತಾರಾದೇವಿಯ ಮುಖ ನೋಡಿದರು. “ಮುಝಸೇ ಮತ್ ಪೂಛ್, ನನ್ನ ಕೇಳಬ್ಯಾಡ,” ತಾರಾದೇವಿ ಮುಖ ತಿರುಗಿಸಿ ಹೇಳಿದರು, “ನಾ ನೋಡೇ ಇಲ್ಲ.”

ಚಪ್ಪಲಿ ಗೂಡು ಬಿಚ್ಚಿತು. ಯಾತ್ರಿಕರ ಜೋಡುಗಳು ನೆಲಕ್ಕೆ ಬಂದವು. ಹಲಗೆಗಳನ್ನು ತುಂಗಾಬಾಯಿ ಮೇಲ್ಮೈ ಹೆರೆದು, ತೊಳೆದು, ಎಣ್ಣೆ ಉಣಿಸಿದರು. ಅಡಿಭಾಗದ ಕೆಂಪು ಅಂಕಿಗಳು ಮಾತ್ರ ಮರದೊಳಕ್ಕೆ ಇಳಿದುಬಿಟ್ಟಿದ್ದವು. ಕೌಸಲ್ಯಾಗೆ ಹೇಳಬೇಕೆಂದು ಹೊರಟಾಗಲೆಲ್ಲ ನಾಲಿಗೆ ತಡೆಯಿತು. ಹೇಳಿದರೆ ಗೂಡು ವಾಪಸು ಬಂದೀತು, ಬರಲಿ. ಆದರೆ ಆ ‘ನೀವು’ ವಾಪಸು ಹೋದರೆ?

ಆಯುಧಪೂಜೆಯ ದಿನ ಕೌಸಲ್ಯಾ ಅವರ ಕ್ವಾರ್ಟರ್ಸಿನ ಹಜಾರದಲ್ಲಿ ಮೆಟ್ಟಿಲು ಹರವಿಕೊಂಡಿತು. ತುದಿಯಲ್ಲಿ ಮದುವೆಯಲ್ಲಿ ಬಂದ ಪಟ್ಟದ ಗೊಂಬೆ ಜೋಡಿ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಿಗೂ ಬಣ್ಣಬಣ್ಣದ ಕಾರು. ಮಕ್ಕಳು ತಮ್ಮ ತಮ್ಮ ಕಾರನ್ನು ಹಿಂದಿಯಲ್ಲಿ ಹೊಗಳಿಕೊಳ್ಳುತ್ತಿದ್ದರು. ಮೆಟ್ಟಿಲು ಕೂಡಿಸುವ ಗೂಟವೊಂದು ಬಿಗಿಯಾದರೆ ಬೇಕಾದೀತೆಂದು ರಂಪಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ತುಂಗಾಬಾಯಿ ಬಾಗಿಲ ಬಳಿ ನಿಂತಿದ್ದರು. ಒಳಗೆ ಬನ್ನಿ ಎಂದು ಕೌಸಲ್ಯಾ ಎರಡು ಸಲ ಕರೆದಿದ್ದರು.

ಪೂಜೆಗೆ ಬಂದವರು ಅಮರಯ್ಯ. ಕಾಶಿಯ ವೀರಶೈವ ಮಠದಲ್ಲಿ ಸೇವೆಗಿದ್ದ ವಯಸ್ಸಾದ ಅಯ್ಯನವರು, ಕ್ಯಾಂಪಸ್ಸಿನವರಿಗೆ ಕನ್ನಡದಲ್ಲಿ ಬೈದು ಪೂಜೆ ಮಾಡಿಸುವವರು ಅವರೊಬ್ಬರೇ. ಅಂಗಳದ ಸ್ಕೂಟರುಗಳಿಗೆ ಕುಂಕುಮವಿಟ್ಟು, ಟೈರಿನಡಿಗೆ ನಿಂಬೆಹಣ್ಣು ಇಡಿಸಿ ಒಳಗೆ ಬಂದರು. ಕೆಳಗಿನ ಮೆಟ್ಟಿಲಿಗೆ ಆರತಿ ಎತ್ತಲು ಬಗ್ಗಿದವರು ಬಗ್ಗಿಯೇ ಉಳಿದರು. ಮೇಲಿನ ಹಲಗೆಯ ಅಡಿಯಲ್ಲಿ ಕೆಂಪು ಅಂಕಿ ದೀಪದ ಬೆಳಕಿಗೆ ಕಂಡಿತ್ತು. ಊರಿಂದ ಬಂದ ಭಕ್ತರನ್ನು ನೋಡಲು ತಾರಾದೇವಿಯ ಲಾಡ್ಜಿಗೆ ಹೋದಾಗಲೆಲ್ಲ ಅವರ ಚಪ್ಪಲಿ ಕೂರುತ್ತಿದ್ದ ಜಾಗ ಅದು.

“ಇದು ನನ್ನ ಏಳನೇ ನಂಬರಲ್ಲ?” ಅಮರಯ್ಯ ಬಾಗಿಲ ಕಡೆ ನೋಡಿದರು. “ತುಂಗೀ, ಇದು ಚಪ್ಪಲಿ ಹಲಗಿ ಹೌದೋ ಅಲ್ಲೋ?”

“ಹೌದ್ರೀ ಅಯ್ಯಾರ.”

“ಮತ್ತ ಈ ನೀಲಿ ರಬ್ಬರ?”

“ಅದೂ ಚಪ್ಪಲೀನ ರೀ.”

ಹಜಾರದಲ್ಲಿ ಯಾರೋ ನಗು ಬಂದದ್ದನ್ನು ಕೆಮ್ಮಿ ನುಂಗಿದರು. ಅಮರಯ್ಯ ಆರತಿ ತಟ್ಟೆ ಕೆಳಗಿಟ್ಟರು. ಚಪ್ಪಲಿ ಬಿಟ್ಟ ಹಲಗೆಗೆ ಕುಂಕುಮ ಹಚ್ಚುವ ಗತಿ ತನಗೆ ಬಂದಿಲ್ಲ ಎಂದರು. ತುಂಗಾಬಾಯಿಗೆ ಅದು ನೋಯಲಿಲ್ಲ, ಆ ಮಾತಿಗೆ ಅವರ ಚರ್ಮ ಎಂದೋ ದಪ್ಪವಾಗಿತ್ತು. ಅವರ ಕಣ್ಣು ಇದ್ದದ್ದು ಕೌಸಲ್ಯಾರ ಬಾಯಿಯ ಮೇಲೆ.

“ಹೌದಾ ತುಂಗಮ್ಮ?” ಎಂದರು ಕೌಸಲ್ಯಾ. ಆ ಮಾತಿನಲ್ಲಿ ನೀನೂ ಇರಲಿಲ್ಲ, ನೀವೂ ಇರಲಿಲ್ಲ. “ಒಂದು ಮಾತು ಹೇಳಬಾರದಿತ್ತಾ?” ಅದರಲ್ಲೂ ಇರಲಿಲ್ಲ. ಕನ್ನಡ ಎಂಥ ಭಾಷೆ ನೋಡಿ, ಬೇಕೆಂದರೆ ಮನುಷ್ಯನನ್ನು ಎತ್ತದೆ ಇಳಿಸದೆ ನಡುವೆಯೇ ತೂಗುಹಾಕಿ ಇಡಬಲ್ಲದು. ಕೌಸಲ್ಯಾ ಮತ್ತೆ ಕೇಳಿದರು.

“ಯಾಕೆ ಹಾಗ್ಮಾಡಿದ್ರಿ, ಹೇಳಿ.”

ಸೆರಗಿನ ಗಂಟು ಗಟ್ಟಿಯಾಗಿಯೇ ಇತ್ತು. ತುಂಗಾಬಾಯಿಗೆ ಮಾತು ಬಂತು. “ಒಣಗಿದ ಹಲಗಿ ಅದ ಒಂದ ಇತ್ರೀ ಅಕ್ಕಾರ. ಹಸೀದು ಹಾಕಿದ್ರ ದೀಪಾವಳಿಗೆ ಸೆಟದ ಹುಡುಗೂರ ಗಾಡಿ ಬೀಳ್ತಿದ್ವು. ನಿಮ್ಮ ಮುಂದ ಹೇಳಾಕ ಅಂಜಿಕಿ ಆತ್ರೀ.”

ಕೌಸಲ್ಯಾ ಅಮರಯ್ಯನವರ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ಅಯ್ಯನೋರೆ, ಆಗಲೇ ಹೊರಗೆ ನಮ್ಮ ಸ್ಕೂಟರಿನ ಟೈರಿಗೆ ಕುಂಕುಮ ಹಚ್ಚಿದ್ರಲ್ಲ. ಬೆಳಿಗ್ಗೆ ಅದು ಬನಾರಸಿನ ರಸ್ತೇಲಿ ಏನೇನು ತುಳಿದು ಬಂತು ಅಂತ ಕೇಳಿದ್ರಾ? ಟೈರು ಅಂದ್ರೆ ಗಾಡಿ ಹಾಕ್ಕೊಂಡಿರೋ ಚಪ್ಪಲಿ ತಾನೆ?”

ತುಂಗಾಬಾಯಿ ಮೆಲ್ಲಗೆ ಹೇಳಿದರು, “ನಮ್ಮ ಮನ್ಯಾಗೂ ಹಂಗ ಇತ್ರೀ. ಲಾರಿಯಾಗಿದ್ದಾಗ ಪೂಜಿ ಮಾಡಿಸ್ಕೊಂಡ ಟೈರ, ನಮ್ಮ ಮನಿಗೆ ಬಂದು ಚಪ್ಪಲಿ ಆಗ್ತಿತ್ತು.”

ಅಯ್ಯನವರು ಮೀಸೆ ಸವರಿಕೊಂಡರು. ತಪ್ಪಾಯಿತು ಎನ್ನುವ ಅಭ್ಯಾಸ ಅವರಿಗಿರಲಿಲ್ಲ, ಆ ವಯಸ್ಸಿನಲ್ಲಿ ಬರುವುದೂ ಕಷ್ಟ. ಅವರ ಕಣ್ಣು ತುಂಗಾಬಾಯಿಯ ಕಂಕುಳಿಗೆ ಹೋಯಿತು. ಅದೇನು ಎಂದು ಕೇಳಿದರು. ರಂಪಿಗೆ, ಇದರಲ್ಲೇ ಕೆತ್ತಿದ್ದು ಎಂದು ತುಂಗಾಬಾಯಿ ಬಟ್ಟೆ ಬಿಚ್ಚಿ ತೋರಿಸಿದರು.

“ಆಯುಧಪೂಜಿ ದಿನ ಆಯುಧಾನ ಕಂಕುಳಾಗ ಇಟ್ಕೊಂಡ ನಿಂತೀಯಲ್ಲ,” ಅಮರಯ್ಯ ಗದರಿದರು. “ಇಡು ಅಲ್ಲಿ.”

ತುಂಗಾಬಾಯಿ ಒಳಗೆ ಬಂದರು. ಏಳನೇ ನಂಬರಿನ ಹಲಗೆಯ ಮೇಲೆ, ಎರಡು ಕಾರುಗಳ ನಡುವೆ ರಂಪಿಗೆ ಇಟ್ಟರು. ಗಂಡ ಹೋದಾಗಿನಿಂದ ಅದಕ್ಕೆ ಯಾರೂ ಒಂದು ಹೂವು ಏರಿಸಿರಲಿಲ್ಲ. ಅಮರಯ್ಯ ಅದಕ್ಕೆ ವಿಭೂತಿ ಎಳೆದರು, ಕುಂಕುಮವಿಟ್ಟರು, ಆರತಿ ಎತ್ತಿದರು. ತುಂಗಾಬಾಯಿ ಕೈಮುಗಿದದ್ದು ದೇವರಿಗೋ ರಂಪಿಗೆಗೋ ಕೌಸಲ್ಯಾಗೋ, ಅವರಿಗೇ ಗೊತ್ತಾಗಲಿಲ್ಲ. ಆ ಹೊತ್ತಿಗೆ ಎಲ್ಲವೂ ಒಂದೇ ಕಡೆ ಇದ್ದವು.

ಆಮೇಲೆ ರೇಸು. ಅಮರಯ್ಯ ಪೂಜೆಯ ಹುರುಪಿನಲ್ಲಿ ಕಾರುಗಳ ಅಚ್ಚಿಗೂ ಅರಿಶಿನ ಕುಂಕುಮ ಮೆತ್ತಿಬಿಟ್ಟಿದ್ದರು. ಅರ್ಧಕ್ಕರ್ಧ ಕಾರುಗಳು ಇಳಿಜಾರಿನ ನಡುವೆಯೇ ಧ್ಯಾನಕ್ಕೆ ಕೂತವು. “ಅಯ್ಯಾಜೀನೇ ಬ್ರೇಕ್ ಲಗಾ ದಿಯಾ”, ಅಯ್ಯನವರೇ ಬ್ರೇಕ್ ಹಾಕಿಬಿಟ್ಟರು ಎಂದು ಮಕ್ಕಳು ಹಾಡು ಕಟ್ಟಿದರು. ರಘುನಾಥ ಸೂಜಿ ಹಿಡಿದು ಅಚ್ಚು ಕೆರೆಯುತ್ತ ಕೂತರೆ, ಅಮರಯ್ಯನವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಚಳಿಗಾಲಕ್ಕೆ ಕೌಸಲ್ಯಾ ಕಡೆಯಿಂದ ಲಾಡ್ಜಿಗೆ ಚೆನ್ನಾಗಿ ಒಣಗಿದ ಬೀಟೆ ಹಲಗೆಗಳು ಬಂದವು. ರೇಸ್ ಕಾರುಗಳು ಮಾವಿನ ಹಲಗೆಯ ಮೇಲೆ ಕೂತರೆ, ಯಾತ್ರಿಕರ ಚಪ್ಪಲಿಗಳಿಗೆ ಬೀಟೆಯ ಸಿಂಹಾಸನ. ತುಂಗಾಬಾಯಿ ಹೊಸ ಗೂಡು ಕಟ್ಟಿ ಅಂಕಿ ಬರೆದರು, ಏಳನ್ನು ಮಾತ್ರ ಬರೆಯಲಿಲ್ಲ. ಆರಾದ ಮೇಲೆ ಎಂಟು.

ಒಂದು ಬೆಳಿಗ್ಗೆ ಅಮರಯ್ಯ ಬಂದರು. ಚಪ್ಪಲಿ ಕಳಚಿ ಗೂಡು ನೋಡಿದರು, ಹುಡುಕಿದರು. “ನನ್ನ ನಂಬರ ಎಲ್ಲಿ ಹೋತು?”

“ಅದು ರೇಸಿಗೆ ಹೋಗೇತ್ರೀ ಅಯ್ಯಾರ.”

ಅಮರಯ್ಯ ಗೊಣಗಿದರು. ಆಮೇಲೆ ಬಗ್ಗಿ, ಜೋಡನ್ನು ಕೈಯಲ್ಲಿ ಎತ್ತಿ ತುಂಗಾಬಾಯಿಯ ಕೈಗೆ ಕೊಟ್ಟರು. “ಎಂಟರಾಗ ಇಡು ಹಂಗಾರ,” ಎಂದರು. ಏಕವಚನವೇ. ಆದರೆ ಬಿಲ್ಲೆ ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು, ಅವರು ಹಿಂದಕ್ಕೆಳೆದುಕೊಳ್ಳಲಿಲ್ಲ. ತುಂಗಾಬಾಯಿ ಚಪ್ಪಲಿಯನ್ನು ತಳಕ್ಕೆ ತಳ ತಟ್ಟಿ, ಮಣ್ಣು ಉದುರಿಸಿ, ಎಂಟನೇ ಗೂಡಿನಲ್ಲಿ ಓರೆಯಾಗಿ, ನಿಂತವರಿಗೆ ಕಾಣುವ ಹಾಗೆ ಇಟ್ಟರು.