ತಾತನನ್ನು ಗಲ್ಲಿಯಿಂದ ಹೊರಗೆ ತೆಗೆದವರು

ತಾತನ ಶವ ಹೊತ್ತ ವ್ಯಾನ್ ಜೆ.ಪಿ. ನಗರದ ನಮ್ಮ ಗಲ್ಲಿಯಲ್ಲಿ ಸಿಕ್ಕಿಕೊಂಡಿತು. ಗಲ್ಲಿಯ ಆ ತುದಿ ಗೋಡೆ, ಹಿಮ್ಮುಖವಾಗಿಯೇ ಹೊರಬರಬೇಕು. ಹಿಂದಿನ ಚಕ್ರಕ್ಕೂ ಚರಂಡಿಗೂ ನಡುವೆ ಒಂದು ಗೇಣು, ರಾಹುಕಾಲಕ್ಕೆ ಹತ್ತು ನಿಮಿಷ. ದೊಡ್ಡಪ್ಪ ಎಡಕ್ಕೆ ಎಂದರು, ಚಿಕ್ಕಪ್ಪ ಬಲಕ್ಕೆ ಎಂದರು, ಪುರೋಹಿತರು ಬೇಗ ಎಂದರು.

ಡ್ರೈವರ್ ಎಂಜಿನ್ ಆಫ್ ಮಾಡಿ ಇಳಿದೇಬಿಟ್ಟ. “ಮುಂಚೆ ಇಲ್ಲಿಗೆ ನೀರಿನ ಟ್ಯಾಂಕರ್ ತರ್ತಿದ್ದೆ ಸಾರ್. ಒಬ್ರು ಅಂಕಲ್ ನಿಂತ್ಕೊಂಡು ಗಾಡಿ ತೆಗೆಸ್ತಿದ್ರು. ಅವರನ್ನ ಕರೀರಿ.”

“ಅವ್ರು ನಿನ್ನ ಗಾಡೀಲೇ ಮಲಗಿದಾರಪ್ಪ” ಎಂದರು ದೊಡ್ಡಪ್ಪ.

ತಾತ ಮೂವತ್ತು ವರ್ಷ ಸಿಟಿ ಬಸ್ ಕಂಡಕ್ಟರ್ ಆಗಿದ್ದು, ಓವರ್‌ಟೈಮ್ ದುಡಿದು ಐದು ಮಕ್ಕಳನ್ನು ಓದಿಸಿದವರು. ನಿವೃತ್ತರಾದ ಮೇಲೂ ಗಲ್ಲಿಯಲ್ಲಿ ಹಾರ್ನ್ ಕೇಳಿದರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದರು. ಅದಕ್ಕಾಗಿ ಅಜ್ಜಿಯಿಂದ ದಿನವೂ ಬೈಸಿಕೊಳ್ಳುತ್ತಿದ್ದರು.

ಅದೇ ಅಜ್ಜಿ ಈಗ ಕಣ್ಣೊರೆಸಿಕೊಂಡು ಎದ್ದು ಬಂದರು. ವ್ಯಾನಿನ ಹಿಂದೆ ನಿಂತು ತಗಡಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದರು. “ರೈಟ್, ರೈಟ್... ಸ್ವಲ್ಪ ಬಲಕ್ಕೆ ಹೊಡಿಯಪ್ಪಾ... ಹೋಲ್ಡಾನ್!” ರಾಗ ಪೂರ್ತಿ ತಾತನದೇ. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ನೋಡಿದೆವು. ರಾಹುಕಾಲಕ್ಕೆ ಮೊದಲೇ ವ್ಯಾನ್ ಮುಖ್ಯರಸ್ತೆ ಸೇರಿತ್ತು.

ಮರುದಿನ ಬೆಳಿಗ್ಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ಸೂತಕದ ಮನೆಯೆಂದು ನಾವು ಯಾರೂ ಏಳಲಿಲ್ಲ. ಅಜ್ಜಿ ಕಾಫಿ ಲೋಟ ಕೆಳಗಿಟ್ಟರು. “ಹೋಗೋವಾಗ ಈ ಕೆಲಸಾನೂ ನನ್ನ ತಲೆಗೆ ಕಟ್ಟಿ ಹೋದ್ರು” ಎಂದು ಬೈಯುತ್ತಲೇ ಗೇಟು ತೆರೆದು ಹೊರಗೆ ಹೋದರು.