ಬೇಸ್ ಮಾಡೆಲ್ ಕಾರು, ಗವರ್ನರ್‌ಪೇಟೆಯ ಬಾಬಾಯಿ

ಮೊನ್ನೆ ಹೊಸ ಸ್ಟೀಲ್ ಡಬ್ಬಿಯ ಮೇಲಿನ ಚೀಟಿ ಕೀಳಲೆಂದು ಅದನ್ನು ಗ್ಯಾಸ್ ಉರಿಯ ಮೇಲೆ ತುಸು ಹಿಡಿದೆ. ಬಿಸಿಯಾದ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ಚೀಟಿ ಸಲೀಸಾಗಿ ಎದ್ದು ಬಂತು. ನಾನು ಮಾತ್ರ ವಿಶಾಖಪಟ್ಟಣದ ಈ ಅಡುಗೆಮನೆಯಿಂದ ವಿಜಯವಾಡದ ಗವರ್ನರ್‌ಪೇಟೆಗೆ ಹೋಗಿಬಿಟ್ಟಿದ್ದೆ...

ನಮ್ಮವರು ಬ್ಯಾಂಕಿನಲ್ಲಿ ಆಫೀಸರು. ವರ್ಗವಾಗಿ ಮೈಸೂರಿನಿಂದ ವಿಜಯವಾಡಕ್ಕೆ ಬಂದ ಮೇಲೆ, ಬ್ಯಾಂಕಿನ ಸಾಲದಲ್ಲೇ ನಮ್ಮ ಮೊದಲ ಕಾರು ಕೊಂಡೆವು. ಬೇಸ್ ಮಾಡೆಲ್. ಬಂಪರು ಕಪ್ಪು, ಎ.ಸಿ. ಇಲ್ಲ, ಎಡಗಡೆ ಕನ್ನಡಿಯಿಲ್ಲ, ಕಾಲಡಿಗೆ ಹಾಸಿನ ಬದಲು ಬರೀ ರಬ್ಬರು. ಗಾಜು ಇಳಿಸಬೇಕಾದರೆ ಹಿಡಿ ತಿರುಗಿಸಿ ತಿರುಗಿಸಿ ತೋಳು ಸೋಲುತ್ತಿತ್ತು. ಬ್ರಾಂಚಿನಲ್ಲಿ ಯಾರೇ ಅಂಥ ಕಾರು ಕೊಂಡರೂ ಮೊದಲು ಗುಡಿ ಮುಂದೆ ನಿಲ್ಲಿಸಿ ನಿಂಬೆಹಣ್ಣು ತುಳಿಸುವುದು, ಆಮೇಲೆ ನೇರ ಗವರ್ನರ್‌ಪೇಟೆಯ ಒಂದು ಅಂಗಡಿಗೆ ಕರೆದೊಯ್ಯುವುದು. ಕಂಪನಿ ಕೊಡದೆ ಉಳಿಸಿಕೊಂಡದ್ದನ್ನೆಲ್ಲ ಅಲ್ಲಿ ಒಂದೊಂದಾಗಿ ಹಾಕಿಸಿಕೊಳ್ಳಬಹುದಿತ್ತು.

ಆ ಅಂಗಡಿಯವರನ್ನು ನಾನು ಬಾಬಾಯಿ ಎನ್ನುತ್ತಿದ್ದೆ. ತೆಲುಗಿನಲ್ಲಿ ಚಿಕ್ಕಪ್ಪ ಎಂದರ್ಥ. ಅವರ ತಾಯಿ ಬಳ್ಳಾರಿ ಕಡೆಯವರು. ಹಾಗಾಗಿ ನನ್ನೊಂದಿಗೆ ಕನ್ನಡದಲ್ಲಿ ಮಾತಾಡುವುದೆಂದರೆ ಅವರಿಗೆ ಹಬ್ಬ. ಹೆಗಲ ಮೇಲೆ ಸದಾ ಒಂದು ಮಾಸಲು ಟವೆಲು. ಕಾರಿನ ಮೈ ಮುಟ್ಟುವ ಮುಂಚೆ ಬೆರಳಿನ ಉಂಗುರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಬಣ್ಣಕ್ಕೆ ಗೀರು ಬಿದ್ದೀತೆಂದು.

ನಮ್ಮ ಕಾರಿನ ಚರಿತ್ರೆಯೆಲ್ಲ ಅವರ ಬಾಯಲ್ಲಿತ್ತು. "ಈ ಗಾಡಿ ಮೊದಲು ಬಂದಾಗ ಒಂದೇ ಮಾಡೆಲ್ಲಮ್ಮ, ಎಲ್ಲಾರಿಗೂ ಒಂದೇ. ಆಮೇಲೆ ರೇಟು ಇಳಿಸಬೇಕು ಅಂತ ಒಂದೊಂದೇ ಕಳಚಿದ್ರು. ಮೊದಲು ಎಡಗಡೆ ಕನ್ನಡಿ ಹೋಯ್ತು. ಆಮೇಲೆ ಕಾರ್ಪೆಟ್. ಒಂದು ವರ್ಷ ಡಿಕ್ಕಿ ಮೇಲಿನ ಹಲಗೆ. ಇನ್ನ ಸ್ಟೀರಿಂಗ್ ಉಳಿದೈತೆ ಕದಾ, ಅದೂ ಹೋದ್ರೆ ಅದನ್ನೂ ನಾನೇ ಮಾರ್ತೀನಿ!" ಎಂದು ನಗುತ್ತಿದ್ದರು.

ತಪ್ಪು ಶುರುವಾದದ್ದು ನನ್ನಿಂದ. ಮೈಸೂರಿನ ಅಕ್ಕ ಅದೇ ಕಾರಿನ ಟಾಪ್ ಮಾಡೆಲ್ ಕೊಂಡಿದ್ದಳು. ಫೋನಿನಲ್ಲಿ ಅದರ ವರ್ಣನೆ ಕೇಳಿ ಕೇಳಿ ನಾನು, "ನಮ್ಮದೂ ಅದೇ ಕಣೇ" ಎಂದುಬಿಟ್ಟಿದ್ದೆ. ಆಮೇಲೊಂದು ದಿನ ಅವಳು ಭಾವನ ಜೊತೆ ನಮ್ಮಲ್ಲಿಗೆ ಬರುತ್ತೇನೆಂದಳು. ನಮ್ಮವರು ಹತ್ತು ದಿನದ ತರಬೇತಿಗೆಂದು ಊರಲ್ಲಿರಲಿಲ್ಲ. ನಾನೇ ಕಾರು ಓಡಿಸಿಕೊಂಡು ಬಾಬಾಯಿಯ ಅಂಗಡಿಗೆ ಹೋದೆ. ಹಿಂದಿನ ಡಿಕ್ಕಿ ಬಾಗಿಲ ಮೇಲೆ ಟಾಪ್ ಮಾಡೆಲ್ಲಿನ ಬೆಳ್ಳಿ ಬಣ್ಣದ ಅಕ್ಷರ ಅಂಟಿಸಿಕೊಡಿ ಎಂದೆ.

ಅವರ ಮುಖ ಚಿಕ್ಕದಾಯಿತು. "ನಾನು ಗಾಡಿಗೆ ಬಟ್ಟೆ ಹಾಕ್ತೀನಮ್ಮ, ಹೆಸರು ಮಾತ್ರ ಬದಲಾಯಿಸಲ್ಲ. ನಾಳೆ ಯಾರಾದ್ರೂ ಈ ಅಕ್ಷರ ನಂಬಿ ಗಾಡಿ ಕೊಂಡ್ರೆ? ಇಂಥದ್ದು ಮಾಡಲ್ಲ ಅಂತಾನೇ ಅಲ್ವಾ ಬ್ಯಾಂಕಿನವರೆಲ್ಲ ನನ್ನ ಹತ್ರಾನೇ ಬರೋದು?"

ನಾನು ಬಿಡಲಿಲ್ಲ. ಕಣ್ಣಲ್ಲಿ ನೀರು ಬಂತು, ಅದು ನಿಜವಾದ ನೀರೇ. "ನಿಮ್ಮ ಮಗಳು ಕೇಳಿದ್ದರೂ ಹೀಗೇ ಅಂತಿದ್ರಾ ಬಾಬಾಯಿ?" ಎಂದೆ. ಅವರು ಸುಮ್ಮನೆ ಉಂಗುರ ತೆಗೆದರು. ಅಕ್ಷರ ಅಂಟಿಸಿ ಮುಗಿಸಿ, "ನಿಮ್ಮ ಅಕ್ಕ ಹೋದ ಮರುದಿನ ತಂದು ತೆಗೆಸಬೇಕು, ಸರೇನಾ ತಾಯಿ?" ಎಂದರು. ಸರಿ ಎಂದೆ.

ಅಕ್ಕ ಬಂದಳು, ಹೋದಳು. ಅವಳು ಆ ಅಕ್ಷರಗಳನ್ನು ನೋಡಿದಳೋ ಇಲ್ಲವೋ, ಇಂದಿಗೂ ತಿಳಿಯದು. ನೋಡಿ ನೋಡಿ ಮರುಳಾದವಳು ನಾನು. ನಾಳೆ ತೆಗೆಸೋಣ, ನಾಡಿದ್ದು ತೆಗೆಸೋಣ ಎನ್ನುವಷ್ಟರಲ್ಲಿ ನಮ್ಮವರು ಬಂದರು. ಕಾರಿನ ಹಿಂಭಾಗ ಗೋಡೆಯ ಕಡೆಗಿತ್ತು, ಅಕ್ಷರ ಅವರ ಕಣ್ಣಿಗೆ ಬೀಳಲಿಲ್ಲ. ಮರುದಿನವೇ ಬ್ಯಾಂಕಿನಲ್ಲಿ ಸಾಲದ ವಾಹನಗಳ ತಪಾಸಣೆ. ಇವರು ಗಡಿಬಿಡಿಯಲ್ಲಿ ಕಾರು ತೆಗೆದುಕೊಂಡು ಹೋಗಿ ಬ್ರಾಂಚಿನ ಅಂಗಳದಲ್ಲಿ ನಿಲ್ಲಿಸಿದರು. ಮೇಲಿನ ಕಚೇರಿಯಿಂದ ಬಂದವರು ಕಾಗದ ನೋಡಿದರು, ಕಾರು ನೋಡಿದರು. "ಏಮಂಡಿ ಸಾರ್, ಸಾಲ ತಗೊಂಡಾಗ ಬೇಸು, ಮನೇಲಿ ಬೆಳೆದು ಟಾಪ್ ಆಯ್ತಾ?" ಎಂದರಂತೆ. ಅಂಗಳವೆಲ್ಲ ನಕ್ಕಿತಂತೆ.

ಬ್ಯಾಂಕಿನ ಪೆನ್ನನ್ನೂ ಮನೆಗೆ ತರದ ಮನುಷ್ಯ ಇವರು. ಮಧ್ಯಾಹ್ನ ಊಟಕ್ಕೂ ಕೂರದೆ ನಿಂತೇ ಕೇಳಿದರು: "ಯಾರೇ ಅಂಟಿಸಿದ್ದು ಅದನ್ನ?"

"ಬಾಬಾಯಿ. ನಾನು ಬೇಡ ಅಂದರೂ ಕೇಳಲಿಲ್ಲ ರೀ."

ಕಾನ್ವೆಂಟಿನಲ್ಲಿ ಸಿಸ್ಟರ್, "ಸುಳ್ಳು ಹೇಳಿದವರು ಎದ್ದು ನಿಲ್ಲಿ" ಎಂದರೆ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದವಳು ನಾನು. ಅಂದು ಅಷ್ಟು ಸಲೀಸಾಗಿ ಆ ಮಾತು ಹೇಗೆ ಬಂತೋ...

ಇವರು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. ಅಂಗಡಿಯಲ್ಲಿ ಗಿರಾಕಿಗಳು ನಾಲ್ಕೈದು ಮಂದಿ. ಅವರೆಲ್ಲರ ಎದುರಿಗೆ, "ಹೆಂಗಸರು ಒಬ್ಬರೇ ಬಂದರೆ ಹೀಗಾ ಮೋಸ ಮಾಡೋದು? ನಿಮ್ಮ ಹತ್ರ ಜನ ಕಳಿಸಿದ್ದಕ್ಕೆ ನಮಗೇ ನಾಚಿಕೆ ಆಗ್ಬೇಕು" ಎಂದರು. ಬಾಬಾಯಿ ಒಂದೇ ಒಂದು ಸಲ ನನ್ನ ಮುಖ ನೋಡಿದರು. ನಾನು ಸೆರಗಿನ ಅಂಚಿನ ನೂಲು ಎಳೆಯುತ್ತ ನಿಂತಿದ್ದೆ.

"ಹೌದು ಸಾರ್. ಅಮ್ಮ ಬೇಡ ಅಂದ್ರು. ನಾನೇ ಅಂಟಿಸಿಬಿಟ್ಟೆ. ತಪ್ಪಾಯ್ತು."

ಬಿಸಿಗಾಳಿಯ ಯಂತ್ರ ಹಿಡಿದು, ನೂಲಿನಿಂದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದರು. ಗೋಂದಿನ ವಾಸನೆ ಅಂಗಡಿಯೆಲ್ಲ ತುಂಬಿತು. ಕೊನೆಗೆ ಹೆಗಲ ಟವೆಲಿನಿಂದ ಅಲ್ಲೆಲ್ಲ ಒರೆಸಿದರು. ಆಮೇಲೆ ನಮ್ಮ ಬ್ರಾಂಚಿನ ಒಂದು ಕಾರೂ ಅವರಲ್ಲಿಗೆ ಹೋಗಲಿಲ್ಲ. ಇವರೇ ಎಲ್ಲರಿಗೂ ಹೇಳಿದ್ದರು. ಕೆಲವು ತಿಂಗಳಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು, ಎಂವಿಪಿ ಕಾಲೋನಿಗೆ ಬಂದೆವು. ಹೊರಡುವ ಮುಂಚೆ ಅವರಿಗೊಂದು ಮಾತು ಹೇಳಿ ಬರಲು ನನಗೆ ಕಾಲು ಬರಲಿಲ್ಲ.

ವರ್ಷಗಳು ಉರುಳಿದವು. ಆ ಕಾರನ್ನು ಮಾರಿದೆವು. ಆ ಬೇಸ್ ಮಾಡೆಲ್ಲನ್ನೇ ಕಂಪನಿಯವರು ನಿಲ್ಲಿಸಿದರು. ಈಗ ಅತಿ ಅಗ್ಗದ ಕಾರಿಗೂ ಎರಡು ಕನ್ನಡಿ, ಎ.ಸಿ. ಎಲ್ಲ ಇರುತ್ತವೆ. ನಿಲ್ಲದೆ ಉಳಿದದ್ದು ಇವರು ಹೇಳುವ ಕಥೆಯೊಂದೇ. ನೆಂಟರು ಬಂದಾಗಲೆಲ್ಲ "ಗವರ್ನರ್‌ಪೇಟೆ ಬಾಬಾಯಿ ನಮ್ಮನ್ನ ಟಾಪ್ ಮಾಡೆಲ್ ಮಾಡಿದ್ದು" ಎಂದು ಶುರು ಮಾಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಕಾಫಿ ಕೊಡುತ್ತ ನಾನೂ ನಗುತ್ತಿದ್ದೆ.

ಹೋದ ವರ್ಷ ಒಂದು ಮದುವೆಗೆಂದು ಒಬ್ಬಳೇ ವಿಜಯವಾಡಕ್ಕೆ ಹೋದವಳು ಧೈರ್ಯ ಮಾಡಿ ಆ ಅಂಗಡಿ ಹುಡುಕಿದೆ. ಅಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ಪಕ್ಕದ ಸೋಡಾ ಅಂಗಡಿಯಾಕೆ, "ಅಯ್ಯೋ, ಅವರು ತೀರಿಹೋಗಿ ಎರಡು ವರ್ಷ ಆಯಿತಮ್ಮ" ಎಂದು ತೆಲುಗಿನಲ್ಲಿ ಹೇಳಿದಳು. ಬ್ಯಾಂಕಿನವರ ಜೊತೆ ಏನೋ ಆದಮೇಲೆ, ಉದುರಿದ ಹಳೇ ಹೆಸರನ್ನು ಮತ್ತೆ ಹಾಕಿಕೊಡಿ ಎಂದರೂ ಯಾರ ಗಾಡಿಗೂ ಅವರು ಅಕ್ಷರ ಅಂಟಿಸುತ್ತಿರಲಿಲ್ಲವಂತೆ. ಮನೆಗೆ ಬಂದು ಇವರಿಗೆ ಏನೂ ಹೇಳಲಿಲ್ಲ.

ಡಬ್ಬಿ ಬಿಸಿ ಮಾಡಿದ ಆ ದಿನ ಸಂಜೆ, ಪೆಂಡುರ್ತಿಯಲ್ಲಿರುವ ಮಗಳು ಅಳಿಯ ತಮ್ಮ ಹೊಸ ಕಾರು ತೋರಿಸಲು ಬಂದರು. ಇವರು ಅಳಿಯನಿಗೆ, "ಸ್ಟಿಕ್ಕರ್ ಅಂಗಡಿಯವರನ್ನ ಮಾತ್ರ ನಂಬಬೇಡಪ್ಪ. ವಿಜಯವಾಡದಲ್ಲಿ ಒಬ್ಬ ಕಳ್ಳ ಬಾಬಾಯಿ..." ಎಂದು ತೆಗೆದರು.

"ಕಳ್ಳ ಅನ್ನಬೇಡಿ ರೀ. ಅವರು ಬೇಡ ಅಂದರು. ಅತ್ತು ಕರೆದು ಅಂಟಿಸಿಕೊಂಡವಳು ನಾನು."

ಮಗಳು "ಅಮ್ಮಾ?" ಎಂದಳು. ಇವರು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ, "ಮತ್ತೆ ಅವರ್ಯಾಕೆ ಒಪ್ಪಿಕೊಂಡರು?" ಎಂದು ಕೇಳಿದರು.

"ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆನಲ್ಲ."

ಇವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಬೆಳಿಗ್ಗೆ ವಿಜಯವಾಡಕ್ಕೆ ಯಾವ ರೈಲಿದೆ ನೋಡು. ಅಷ್ಟು ಜನರ ಮುಂದೆ ಬೈದಿದ್ದೀನಿ ಅವರನ್ನ. ಹೋಗಿ ಕೈಮುಗಿದು ಬರೋಣ" ಎಂದರು.

ನಿಜ ಹೇಳಿದ್ದರೆ ಈ ಮನುಷ್ಯ ಎಂದೋ ಹೀಗೆ ಒಂದೇ ಮಾತಿಗೆ ಎದ್ದು ಹೊರಡುತ್ತಿದ್ದರು ಎನ್ನುವುದು ಇಷ್ಟು ವರ್ಷ ನನಗೆ ಗೊತ್ತಾಗಲಿಲ್ಲವೇ, ಗೊತ್ತಿದ್ದೇ ಸುಮ್ಮನಿದ್ದೆನೇ... ಅಳಿಯ ಆಗಲೇ ಮೊಬೈಲಿನಲ್ಲಿ ರೈಲು ಹುಡುಕತೊಡಗಿದ್ದ. ನಾನು ಅವನ ಕೈ ಹಿಡಿದು ತಡೆದೆ.